ಹುತ್ತದಂಥ ಪೆಟ್ಟಿಗೆ

ಮಲೆನಾಡಿನ ಮನೆಗಳಿಗೂ ಹಾವುಗಳಿಗೂ ಇರುವುದು ಮನೆ ಮಾಲೀಕನಿಗೂ ಬಾಡಿಗೆದಾರನಿಗೂ ಇರುವಂಥ ಸಂಬಂಧ. ಯಾರು ಮಾಲೀಕ, ಯಾರು ಬಾಡಿಗೆದಾರ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸೌದೆ ಕೊಟ್ಟಿಗೆಯಲ್ಲಿ ಕೇರೆ ಹಾವು, ದರಗಿನ ರಾಶಿಯಲ್ಲಿ ಕೊಳಕುಮಂಡಲ, ತೋಟದಂಚಿನಲ್ಲಿ ಕಾಳಿಂಗ ಕಂಡರೆ ಅದೇನೂ ದೊಡ್ಡ ಸುದ್ದಿಯಲ್ಲ. ಹೀಗಿರುವಾಗ, ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತೇನೆಂದು ಕೊಪ್ಪಕ್ಕೆ ಬಂದ ನನ್ನ ತಂಗಿಯ ಮಗ ಜೊತೆಗೆ ಎರಡು ಹಾವಿನ ಮರಿಗಳನ್ನೂ ತಂದ. "ಹಾವು ಬಂದರೆ ಓಡಿಸೋದು ನೋಡಿದೀನಿ ಮಾರಾಯ, ಕಾರಲ್ಲಿ ಕೂರಿಸಿ ಕರಕೊಂಡು ಬರೋದು ನೋಡಿರಲಿಲ್ಲ" ಎಂದರು ನಮ್ಮ ಅಮ್ಮ.

ಅವು ನಮ್ಮ ಕಾಡಿನ ಹೆಬ್ಬಾವಿನ ಮರಿಗಳಲ್ಲ. ನಮ್ಮ ಹೆಬ್ಬಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇವು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಾಲ್ ಪೈಥಾನ್‌ಗಳು. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಮೈಯನ್ನು ಚೆಂಡಿನ ಹಾಗೆ ಸುತ್ತಿಕೊಳ್ಳುವುದರಿಂದ ಆ ಹೆಸರು. ವಿಷವಿಲ್ಲ, ಬೆಳೆದರೂ ಮೂರರಿಂದ ಐದು ಅಡಿ. ಇಂಥ ವಿದೇಶಿ ಜೀವಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿದೆ, 2024ರಲ್ಲಿ ಅದರ ನಿಯಮಗಳೂ ಬಂದಿವೆ. ಹುಡುಗ ಆ ಕಾಗದ ತೋರಿಸಿದ ಮೇಲೆಯೇ ನಾನು ಗರಗಸ ಕೈಗೆ ತೆಗೆದುಕೊಂಡದ್ದು.

"ಮಾವ, ಪೆಟ್ಟಿಗೆ ಭದ್ರವಾಗಿರಬೇಕು, ಅಷ್ಟೇ" ಎಂದ. ಅಷ್ಟೇ ಎಂದರೆ ಎಷ್ಟು ಎಂಬುದು ನಿಧಾನವಾಗಿ ಗೊತ್ತಾಯಿತು. ಮರಿ ಒಂದಡಿಗಿಂತ ತುಸು ಉದ್ದ, ಹೆಬ್ಬೆರಳಿನ ಗಾತ್ರ. ರಾತ್ರಿಯಿಡೀ ಮೂತಿಯಿಂದ ಮುಚ್ಚಳದ ಅಂಚನ್ನು ಒತ್ತಿ ಒತ್ತಿ ನೋಡುತ್ತದೆ. ತಲೆ ತೂರುವಷ್ಟು ಸಂದು ಸಿಕ್ಕಿದರೆ ಮೈ ತೂರುವುದು ಎಷ್ಟು ಹೊತ್ತಿನ ಕೆಲಸ? ಬೆಂಗಳೂರಿನ ಮಾಳಿಗೆ ಮನೆಯಲ್ಲಾದರೆ ಸೋಫಾದ ಕೆಳಗೆ ಹುಡುಕಬಹುದು. ಇಲ್ಲಿ ಹೊಸಿಲು ದಾಟಿದರೆ ತೋಟ. ಕಪ್ಪು ಮೈ ಮೇಲೆ ಕಂದು ಮಚ್ಚೆಯ ಆ ಮರಿಯನ್ನು ಕಂಡವರು ಯಾರೇ ಆಗಲಿ ಕೊಳಕುಮಂಡಲವೆಂದೇ ದೊಣ್ಣೆ ಎತ್ತುತ್ತಾರೆ. ಅವರದು ತಪ್ಪು ಎನ್ನುವಂತಿಲ್ಲ. ಅದಕ್ಕಿಂತ ಭಯದ ಮಾತು ಇನ್ನೊಂದಿದೆ. ಹುಡುಗನ ಸಾಕು ಹಾವು ಸಿಕ್ಕಿತೆಂದು ಯಾವುದಾದರೂ ಮಗು ನಿಜವಾದ ಕೊಳಕುಮಂಡಲದ ಮರಿಗೇ ಕೈ ಹಾಕಿದರೆ?

ಆದ್ದರಿಂದ ಒಂದರೊಳಗೊಂದು ಎರಡು ಕೋಟೆ ಮಾಡಿದೆವು. ನಮ್ಮ ಮಳೆಗೆ ಮರದ ಮುಚ್ಚಳ ಉಬ್ಬಿ ಸಂದು ಬಿಡುತ್ತದೆ. ಹಾಗಾಗಿ ಮರಿಗೊಂದರಂತೆ, ನಾಲ್ಕು ಕಡೆಯೂ ಕೊಂಡಿ ಬೀಳುವ ಪ್ಲಾಸ್ಟಿಕ್ ಡಬ್ಬಿ ಬೇರೆ ಬೇರೆ. ಒಂದರಲ್ಲೇ ಎರಡನ್ನೂ ಬಿಟ್ಟರೆ ಬೆಚ್ಚನೆಯ ಜಾಗವನ್ನು ಒಂದು ಆಕ್ರಮಿಸಿಕೊಂಡು ಇನ್ನೊಂದು ಊಟ ಬಿಡಬಹುದು. ಗಾಳಿಗೆ ಸಣ್ಣ ತೂತುಗಳನ್ನು ಕಾದ ಕಡ್ಡಿಯಿಂದ ಒಳಗಿನಿಂದ ಹೊರಕ್ಕೆ ಕೊರೆದದ್ದು, ಒರಟು ಅಂಚು ಮೂತಿಗೆ ತಾಗದಿರಲಿ ಎಂದು. ಆ ಡಬ್ಬಿಗಳನ್ನು ಇಡಲು ನಾನು ಹಲಗೆಯ ಕಪಾಟು ಮಾಡಿ ಬೀಗ ಹಾಕಿಸಿದೆ.

ಇಷ್ಟಾದರೂ ಮರಿಗಳು ರಾತ್ರಿ ಸುಮ್ಮನಿರಲಿಲ್ಲ. ಕೊಟ್ಟ ಇಲಿಮರಿಯನ್ನು ಮೂಸಿಯೂ ನೋಡಲಿಲ್ಲ. ಇನ್ನೂ ಎರಡು ಕೊಂಡಿ ಹಾಕೋಣವೇ ಎಂದು ನಾವು ಯೋಚಿಸುತ್ತಿದ್ದಾಗ ಹುಡುಗ ಓದಿ ಹೇಳಿದ: ಈ ಹಾವುಗಳು ತಮ್ಮೂರಿನಲ್ಲಿ ಹಗಲೆಲ್ಲ ಇಲಿಯ ಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಅಡಗಿರುತ್ತವಂತೆ. ಆಫ್ರಿಕಕ್ಕೆ ಹೋದರೂ ಹಾವಿಗೆ ಹುತ್ತವೇ ಮನೆ! ಕೇಳುತ್ತಿದ್ದ ಅಮ್ಮ, "ಮತ್ತೆ, ಬಟ್ಟಬಯಲಲ್ಲಿ ಬೀಗ ಹಾಕಿ ಕೂರಿಸಿದರೆ ಯಾರಿಗೆ ನಿದ್ದೆ ಬರುತ್ತೆ?" ಎಂದರು.

ಎರಡು ತೆಂಗಿನಕಾಯಿ ಒಡೆದು ಕರಟಗಳನ್ನು ಚೆನ್ನಾಗಿ ಕೆರೆದು, ಅಂಚಿನಲ್ಲಿ ಬಾಗಿಲು ಕೊರೆದು, ಪ್ರತಿ ಡಬ್ಬಿಯಲ್ಲೂ ಎರಡೆರಡು ಬೋರಲು ಹಾಕಿದೆವು. ಒಂದು ಬೆಚ್ಚನೆಯ ತುದಿಗೆ, ಇನ್ನೊಂದು ತಣ್ಣನೆಯ ತುದಿಗೆ. ಒಂದೇ ಇದ್ದರೆ ಹಾವು ಮರೆ ಬೇಕೋ, ಹಿತವಾದ ಬಿಸಿ ಬೇಕೋ ಎಂದು ಆರಿಸಬೇಕಾಗುತ್ತದೆ. ಕರಟ ಇಕ್ಕಟ್ಟಾಗಿದ್ದಷ್ಟೂ ಒಳ್ಳೆಯದು. ಮೈ ಸುತ್ತಲೂ ಗೋಡೆ ತಾಗಿದರೇ ಅದಕ್ಕೆ ಧೈರ್ಯ. ಮಗುಚದ ಹಾಗೆ ಭಾರದ ಕಲ್ಲಿನ ಮರಿಗೆಯಲ್ಲಿ ನೀರು, ಅಡಿಗೆ ಹಳೆಯ ಪೇಪರು. ವಾರ ಕಳೆಯುವಷ್ಟರಲ್ಲಿ ಮುಚ್ಚಳ ಒತ್ತುವುದು ಕಡಿಮೆಯಾಯಿತು. ಎರಡೂ ಊಟ ಮಾಡಿದವು. ಮೇಲಿನ ಬೀಗ ನಮ್ಮ ಸಮಾಧಾನಕ್ಕೆ. ಹಾವು ಒಳಗೆ ನಿಂತದ್ದು ಕರಟದಿಂದ.

ಉಳಿದದ್ದು ಆಷಾಢ. ಡಬ್ಬಿಯ ಮೂರನೆಯ ಒಂದು ಭಾಗದ ಕೆಳಗೆ ಬಿಸಿ ಪ್ಯಾಡ್, ಅದಕ್ಕೆ ಥರ್ಮೋಸ್ಟಾಟ್. ಬೆಚ್ಚನೆಯ ತುದಿ 31-32 ಡಿಗ್ರಿ ಸೆಲ್ಸಿಯಸ್, ತಣ್ಣನೆಯದು 25-27. ಗಾಳಿ ಹೊರಗೆ ಒದ್ದೆಮುದ್ದೆ. ಅದು ಒಳಗೂ ಹಾಗೇ ಆದರೆ ಹಾವಿನ ಹೊಟ್ಟೆಯ ಚರ್ಮ ಹುಣ್ಣಾಗುತ್ತದೆ, ಕಫ ಕಟ್ಟುತ್ತದೆ. ದಿನವೂ ಪೇಪರು ನೋಡಬೇಕು, ನೆನೆದಿದ್ದರೆ ಬದಲಿಸಬೇಕು. ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬಾರದ ಊರು ನಮ್ಮದು. ಅದಕ್ಕೊಂದು ಥರ್ಮೊಕೋಲ್ ಪೆಟ್ಟಿಗೆ ಸಿದ್ಧವಿದೆ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಡಬ್ಬಿಯ ಪಕ್ಕಕ್ಕಿಡುವ ಕೆಲಸವನ್ನು ಅಮ್ಮ ಯಾರೂ ಹೇಳದೆ ವಹಿಸಿಕೊಂಡಿದ್ದಾರೆ. ಶೃಂಗೇರಿಯ ತುಂಗೆಯ ದಡದಲ್ಲಿ ಸರ್ಪ ಕಪ್ಪೆಗೆ ಹೆಡೆಯ ನೆರಳು ಕೊಟ್ಟಿತೆಂಬ ಕಥೆ ಕೇಳಿ ಬೆಳೆದವರು ಅವರು. "ಅದು ನೆರಳು ಕೊಟ್ಟಿತ್ತು, ನಾವು ಬಿಸಿನೀರು ಕೊಡೋಣ" ಎನ್ನುತ್ತಾರೆ.

ನನಗಿರುವ ಯೋಚನೆ ಬೇರೆ. ಈ ಹಾವು ಸಾಕಿದರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆಯಿಟ್ಟಿತು. ಹುಡುಗನಿಗೆ ಈಗ ಇಪ್ಪತ್ತಾರು. ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ಬರುವ ಹೆಣ್ಣು ಹಾವಿಗೆ ಒಪ್ಪಬೇಕು. ಸಾಕಾಯಿತೆಂದು ನಮ್ಮ ಕಾಡಿಗೆ ಬಿಡುವಂತಿಲ್ಲ; ಅದು ಈ ಕಾಡಿನದಲ್ಲ, ಕಾಡಿಗೂ ಕೇಡು, ಅದಕ್ಕೂ ಕೇಡು. ಇದನ್ನೆಲ್ಲ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಪಾಟಿನ ಬೀಗದ ಕೈ ಎರಡು ಮಾಡಿಸೋಣ ಮಾವ, ಒಂದು ನಿಮ್ಮ ಹತ್ತಿರ ಇರಲಿ" ಎಂದ.