ಬಾಲ ಎಳೆದರೆ ರೆಕ್ಕೆ

ಕಾಗದ ಕಂಡರೆ ಕೈ ಸುಮ್ಮನಿರದವರದ್ದೇ ಒಂದು ಪಂಗಡವಿದೆ. ನಾನು ಆ ಪಂಗಡದವನು. ರಾಮನಗರದಲ್ಲಿ ಮಾಗಡಿ ಬಸ್ಸು ಹತ್ತಿದೆನೆಂದರೆ ಕಂಡಕ್ಟರು ಕೊಟ್ಟ ಟಿಕೆಟ್ಟು ಊರು ದಾಟುವ ಮೊದಲೇ ಕಪ್ಪೆಯಾಗಿರುತ್ತದೆ. ಬೆನ್ನಿನ ಮೇಲೆ ಬೆರಳಿಟ್ಟು ಜಾರಿಸಿದರೆ ಮುಂದಿನ ಸೀಟಿನವರ ಹೆಗಲಿಗೆ ಹಾರುತ್ತದೆ. ಚೆಕಿಂಗ್‌ನವರು ಬಂದರೆ ಕಪ್ಪೆಯನ್ನು ಬಿಚ್ಚಿ ತೋರಿಸುತ್ತೇನೆ. ಅವರು ಇಳಿದ ಮೇಲೆ ಅದೇ ಗೆರೆಗಳ ಮೇಲೆ ಅದು ಮತ್ತೆ ಕಪ್ಪೆಯಾಗುತ್ತದೆ. ಮನೆಗೆ ಲಗ್ನಪತ್ರಿಕೆ ಬಂದರೆ ಎಲ್ಲರೂ ಮುಹೂರ್ತ, ಛತ್ರ ನೋಡುತ್ತಾರೆ, ನಾನು ಹಾಳೆಯ ದಪ್ಪ ನೋಡುತ್ತೇನೆ. ‘ಮದುವೆ ಮುಗಿಯೋವರೆಗಾದ್ರೂ ಬಿಡ್ರೀ’ ಎಂದು ನಮ್ಮ ಮನೆಯವರು ಅದನ್ನು ಕಸಿದು ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ.

ಕಾಗದ ಮಡಚುವವರಲ್ಲೂ ಎರಡು ಬಗೆ. ಒಬ್ಬರು ಮಡಚಿ ಶೋಕೇಸಿನಲ್ಲಿ ಇಡುತ್ತಾರೆ. ಗುಲಾಬಿ, ಆನೆ, ಡ್ರ್ಯಾಗನ್ನು, ಅಬ್ಬಬ್ಬಾ ಎನ್ನಿಸುವಂಥವು. ಇನ್ನೊಬ್ಬರಿಗೆ ಮಡಚಿದ್ದು ಆಡಬೇಕು, ಕುಪ್ಪಳಿಸಬೇಕು, ಇಲ್ಲವೇ ಢಬ್ ಎನ್ನಬೇಕು. ನಾವು ಹಳ್ಳಿ ಶಾಲೆಗಳಲ್ಲಿ ಕಲಿತದ್ದೆಲ್ಲ ಈ ಎರಡನೆಯ ಬಗೆಯದು: ಹರಿವ ನೀರಿಗೆ ಬಿಡುವ ದೋಣಿ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಹಾರುವ ರಾಕೆಟ್ಟು, ಜೋರಾಗಿ ಬೀಸಿದರೆ ಸಿಡಿಯುವ ಕಾಗದದ ಪಟಾಕಿ. ಆ ಸಾಲಿಗೆ ತಡವಾಗಿ ಸೇರಿ ಎಲ್ಲಕ್ಕಿಂತ ಮುಂದೆ ನಿಂತದ್ದು ರೆಕ್ಕೆ ಬಡಿಯುವ ಹಕ್ಕಿ. ಕತ್ತರಿ ಬೇಡ, ಗೋಂದು ಬೇಡ, ಬೇಕಾದ್ದು ಒಂದೇ ಒಂದು ಚೌಕ ಹಾಳೆ. ಎದೆ ಹಿಡಿದು ಬಾಲ ಎಳೆದರೆ ಎರಡು ರೆಕ್ಕೆಗಳೂ ಒಟ್ಟಿಗೆ ಬಡಿಯುತ್ತವೆ.

ಅದನ್ನು ಮಡಚುವ ಬಗೆ ಹೀಗೆ. ಚೌಕವನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಮಡಚಿ ಬಿಚ್ಚಬೇಕು. ಹಾಳೆ ತಿರುವಿಹಾಕಿ ಅಂಚಿನಿಂದ ಅಂಚಿಗೆ ಎರಡೂ ಕಡೆ ಮಡಚಿ ಬಿಚ್ಚಬೇಕು. ಈಗ ನಾಲ್ಕೂ ಮೂಲೆಗಳನ್ನು ಒಂದು ಕಡೆ ಸೇರಿಸಿದರೆ ಹಾಳೆ ತಾನಾಗಿ ಒಳಕ್ಕೆ ಕುಸಿದು, ಮೊದಲಿನ ನಾಲ್ಕನೇ ಒಂದರಷ್ಟು ಪುಟ್ಟ ಚೌಕವಾಗಿ ಮಲಗುತ್ತದೆ. ಮೇಲಿನ ಪದರದ ಎರಡು ಅಂಚುಗಳನ್ನು ನಡುಗೆರೆಗೆ ತಂದು ಗೆರೆ ಮೂಡಿಸಿ, ಬಿಚ್ಚಿ, ತೆರೆದ ತುದಿ ಹಿಡಿದು ಮೇಲಕ್ಕೆತ್ತಿದರೆ ಪಕ್ಕದ ಅಂಚುಗಳು ಒಳಸರಿದು ಉದ್ದನೆಯ ಎಸಳೊಂದು ಏಳುತ್ತದೆ. ಹಿಂಬದಿಗೂ ಹಾಗೆಯೇ ಮಾಡಬೇಕು. ಈಗ ಮೇಲೆ ಎರಡು ಎಸಳು, ಕೆಳಗೆ ಎರಡು ಕಾಲು. ಒಂದು ಕಾಲನ್ನು ಪದರಗಳ ನಡುವಿನಿಂದ ಓರೆಯಾಗಿ ಮೇಲಕ್ಕೆ ಹೊರಳಿಸಿದರೆ ಕತ್ತು, ಇನ್ನೊಂದನ್ನು ಹಾಗೇ ಹೊರಳಿಸಿದರೆ ಬಾಲ. ಕತ್ತಿನ ತುದಿಯನ್ನು ತುಸು ಬಗ್ಗಿಸಿದರೆ ತಲೆ. ಎರಡು ಎಸಳು ಕೆಳಗೆ ಬಾಗಿ ರೆಕ್ಕೆಯಾಗುತ್ತವೆ. ಹಾಳೆಯ ನಾಲ್ಕು ಮೂಲೆಗಳ ಪೈಕಿ ಒಂದೂ ದಂಡವಾಗಿಲ್ಲ: ಎರಡು ರೆಕ್ಕೆ, ಒಂದು ಕತ್ತು, ಒಂದು ಬಾಲ. ಹಾಳೆಯ ನಡುಬಿಂದು ರೆಕ್ಕೆಗಳ ಮಧ್ಯೆ ಸಣ್ಣ ಗೂನಾಗಿ ಉಳಿಯುತ್ತದೆ.

ಇದರಲ್ಲಿ ಒಂದು ಲೆಕ್ಕವೂ ಅಡಗಿದೆ. ಮೇಲಕ್ಕುಬ್ಬಿದ ಗೆರೆಯನ್ನು ಬೆಟ್ಟ ಎಂದೂ ತಗ್ಗಿದ ಗೆರೆಯನ್ನು ಕಣಿವೆ ಎಂದೂ ಕರೆಯುವುದು ಪ್ರಪಂಚದ ಎಲ್ಲ ಮಡಚುಗಾರರ ರೂಢಿ. ರಾಮನಗರದವರಿಗೆ ಈ ಎರಡನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಪುಟ್ಟ ಚೌಕವನ್ನು ಮೆಲ್ಲಗೆ ಬಿಡಿಸಿ ನಡುಬಿಂದುವಿನ ಸುತ್ತ ಎಣಿಸಿ ನೋಡಿ. ನಿಜವಾಗಿ ಮಡಿಕೆಯಾಗಿ ನಿಂತ ಗೆರೆಗಳಲ್ಲಿ ನಾಲ್ಕು ಬೆಟ್ಟ, ಎರಡು ಕಣಿವೆ. ತಿರುವಿಹಾಕಿದರೆ ಎರಡು ಬೆಟ್ಟ, ನಾಲ್ಕು ಕಣಿವೆ. ಚಪ್ಪಟೆಯಾಗಿ ಮಲಗುವ ಯಾವುದೇ ಮಡಿಕೆಯಲ್ಲಿ, ಹಾಳೆಯ ಒಳಗೆ ಗೆರೆಗಳು ಕೂಡುವ ಯಾವುದೇ ಬಿಂದುವಿನ ಸುತ್ತ, ಬೆಟ್ಟ ಕಣಿವೆಗಳ ಅಂತರ ಎರಡೇ ಆಗಿರಬೇಕು. ಜಪಾನಿನ ಜುನ್ ಮಾಯೆಕಾವಾ ಅವರ ಹೆಸರಿನಲ್ಲಿ ಇರುವ ಸೂತ್ರ ಇದು. ನನ್ನಂಥ ಗಣಿತದ ಅಂಜುಬುರುಕನಿಗೂ ಇದನ್ನು ಬೆರಳಿಟ್ಟು ತಾಳೆ ನೋಡುವುದು ಒಂದು ಚಟವಾಗಿದೆ.

ಮಡಿಕೆಗೂ ಗಣಿತಕ್ಕೂ ಇರುವ ಈ ನಂಟನ್ನು ಗುರುತಿಸಿದವರು ನಮ್ಮ ಪಕ್ಕದಲ್ಲೇ ಇದ್ದರು. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಎಂಬವರು ಕಾಗದ ಮಡಚಿಯೇ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಬರಹದಲ್ಲಿ ಹೆಸರಿಸಿದ ಮೇಲೆ ಅದು ಕಡಲಾಚೆಗೂ ಹೋಯಿತು. ಜಪಾನಿನಲ್ಲಾದರೋ 1797ರಷ್ಟು ಹಿಂದೆಯೇ ಕಾಗದದ ಕ್ರೌಂಚ ಪಕ್ಷಿಗಳಿಗೆಂದೇ ಒಂದು ಪುಸ್ತಕ ಬಂದಿತ್ತು, ‘ಸೆಂಬಜುರು ಒರಿಕಾತ’. ನಮ್ಮ ಹಕ್ಕಿ ಆ ಕ್ರೌಂಚದ ದಾಯಾದಿ. ಎಸಳು ಏಳುವವರೆಗೆ ಇಬ್ಬರದೂ ಒಂದೇ ದಾರಿ. ಅಲ್ಲಿಂದಾಚೆ ಕ್ರೌಂಚ ಕಾಲುಗಳನ್ನು ಇನ್ನಷ್ಟು ಸಣ್ಣಗೆ ಮಾಡಿಕೊಂಡು ಚೆಲುವೆಯಾಗುತ್ತದೆ, ಇದು ಅಗಲ ಕಾಲಿನಲ್ಲೇ ಉಳಿದು ಆಟಗಾರ್ತಿಯಾಗುತ್ತದೆ.

ಇನ್ನು ಕಾಗದದ ವಿಷಯ. ಲಗ್ನಪತ್ರಿಕೆಯ ಒಳಹಾಳೆ ತೆಳುವಾಗಿದ್ದರೆ ಒಳ್ಳೆಯದು, ದಪ್ಪ ರಟ್ಟಿನಂಥದು ಮೂರನೇ ಮಡಿಕೆಗೇ ಬಿರಿಯುತ್ತದೆ. ದಿನಪತ್ರಿಕೆ ಮೆದು, ಆಡಿಸುವಷ್ಟರಲ್ಲಿ ಕತ್ತು ಜೋಲುತ್ತದೆ. ನೋಟ್‌ಬುಕ್ಕಿನ ಹಾಳೆ ಸದಾ ನಂಬಿಕಸ್ಥ. ಸ್ವಾರಸ್ಯದ್ದು ಬೆಸ್ಕಾಂನವರ ಕರೆಂಟು ಬಿಲ್ಲು. ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಮಡಿಕೆಯ ಮೇಲೆ ಉಗುರಿನಿಂದ ಬಲವಾಗಿ ಗೀರಿದರೆ ಆ ಉಜ್ಜಾಟದ ಬಿಸಿಗೇ ಕಪ್ಪು ಗೆರೆ ಮೂಡುತ್ತದೆ. ಮಡಚಿ ಮುಗಿಸಿದಾಗ ಮೈತುಂಬ ಸಣ್ಣ ಕಪ್ಪು ಗೀರುಗಳ ಹಕ್ಕಿ, ರೆಕ್ಕೆಯ ಮೇಲೆ ಕಟ್ಟಬೇಕಾದ ಮೊತ್ತ. ಕಟ್ಟುವ ದಿನಾಂಕ ಬಾಲದೊಳಗೆ ಸೇರಿಹೋಗಿರುತ್ತದೆ. ಆ ಕುರಿತ ಮನೆಯ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಉಜ್ಜಾಟದ ಬಿಸಿಯನ್ನೇ ನಂಬಿ ಬದುಕುವ ಊರು ನಮ್ಮ ಪಕ್ಕದ ಚನ್ನಪಟ್ಟಣ. ಲೇತಿನಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಕನ್ನಡಿಯಂಥ ಹೊಳಪು. ಜಪಾನಿನ ಗೊಂಬೆವಿದ್ಯೆಯನ್ನು ಕಂಡು ಬಂದು ಇಲ್ಲಿನ ಕೆಲಸವನ್ನು ತಿದ್ದಿದವರು ಬಾವಾಸ್ ಮಿಯಾನ್ ಎಂದು ಊರಿನವರು ಈಗಲೂ ನೆನೆಯುತ್ತಾರೆ. ಅಂಥ ಒಂದು ಲೇತಿನ ಮುಂದೆ ಕೂತು ಹಕ್ಕಿಯ ಬಾಲ ಎಳೆದು ತೋರಿಸಿದೆ. ಕೆಲಸದಲ್ಲಿದ್ದ ಹಿರಿಯರು ಮಿಷಿನ್ನು ನಿಲ್ಲಿಸಿ, ಕೈಯ ಅರಗಿನ ಪುಡಿ ಒರೆಸಿಕೊಂಡು ಹಕ್ಕಿಯನ್ನು ತೆಗೆದುಕೊಂಡರು. ಎರಡು ಸಲ ಆಡಿಸಿ, ಮಗುಚಿ, ಹೊಟ್ಟೆಯೊಳಗೆ ಇಣುಕಿ ಕೇಳಿದರು: ‘ಕೀಲು ಎಲ್ಲಿಟ್ಟಿದೀರ ಸಾರ್?’

ಅವರ ಕಸುಬಿಗೆ ತಕ್ಕ ಪ್ರಶ್ನೆ. ಚನ್ನಪಟ್ಟಣದ ಎಳೆಯುವ ಬಂಡಿಗೆ ಗಾಲಿ ಬೇರೆ, ಅಚ್ಚು ಬೇರೆ. ಎರಡರ ನಡುವೆ ಒಂಚೂರು ಸಡಿಲ ಬಿಟ್ಟರೆ ಮಾತ್ರ ತಿರುಗುತ್ತದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ರಸ್ತೆಯ ಜಾನಪದ ಲೋಕದಲ್ಲಿ ನೋಡಸಿಗುವ ಎಷ್ಟೋ ತೊಗಲು ಗೊಂಬೆಗಳಿಗೂ ಕೈಕಾಲುಗಳನ್ನು ಬೇರೆಯಾಗಿ ಕತ್ತರಿಸಿ ದಾರದಿಂದ ಕಟ್ಟಿರುತ್ತಾರೆ. ಆಡುವ ಗೊಂಬೆ ಎಂದರೆ ಬಿಡಿ ಭಾಗ ಮತ್ತು ಅವನ್ನು ಕೂಡಿಸುವ ಕೀಲು. ಕಾಗದದ ಹಕ್ಕಿಯಲ್ಲಿ ಬಿಡಿ ಭಾಗವೇ ಇಲ್ಲ. ಬಾಲ ಎಳೆದಾಗ ಒಳಗಿನ ಪದರ ಜಗ್ಗಿ ಎರಡು ಪಕ್ಕೆಗಳು ಅಗಲುತ್ತವೆ, ಪಕ್ಕೆಯದೇ ಮುಂದುವರಿಕೆಯಾದ ರೆಕ್ಕೆ ಕೆಳಗೆ ಬಾಗುತ್ತದೆ. ಹಾಳೆ ಎಲ್ಲೂ ಕಡಿದಿಲ್ಲವಾದ್ದರಿಂದ ಒಂದು ಮೂಲೆಯ ಸೆಳೆತ ಇನ್ನೆರಡು ಮೂಲೆಗಳಿಗೆ ಮುಟ್ಟಲೇಬೇಕು. ‘ಇಡೀ ಹಾಳೆಯೇ ಕೀಲು’ ಎಂದೆ. ಅವರು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ‘ಹಂಗಾದ್ರೆ ಬಿಗಿ ಮಾಡಿದ್ರೆ ಕೆಟ್ಟೋಯ್ತದೆ ಅನ್ನಿ’ ಎಂದು ಹಕ್ಕಿ ವಾಪಸು ಕೊಟ್ಟರು.

ಈ ಆಟದ ಗುಟ್ಟನ್ನು ಅವರಿಗಿಂತ ಚೆನ್ನಾಗಿ ಹೇಳಿದವರಿಲ್ಲ. ಹೊಸಬರು ಎಲ್ಲ ಮಡಿಕೆಗಳನ್ನೂ ಇಸ್ತ್ರಿ ಹೊಡೆದಂತೆ ಒತ್ತುತ್ತಾರೆ. ಕತ್ತು, ಬಾಲ, ಎಸಳುಗಳಿಗೆ ಅದು ಸರಿ, ಅಲ್ಲಿ ಗೆರೆ ಚೂಪಾಗಿರಬೇಕು. ರೆಕ್ಕೆಯ ಬುಡದಲ್ಲಿ ಮಾತ್ರ ಉಗುರು ತಾಗಬಾರದು. ಅಲ್ಲಿ ಗೆರೆ ಬಿತ್ತೆಂದರೆ ರೆಕ್ಕೆ ಗೆರೆಯ ಮಾತು ಕೇಳಿ ಮಡಚಿ ಕೂರುತ್ತದೆ, ಬಾಲದ ಮಾತು ಕೇಳುವುದಿಲ್ಲ. ಹೆಬ್ಬೆರಳಿನಿಂದ ಸುಮ್ಮನೆ ಸವರಿ ಬಾಗಿಸಿ ಬಿಡಬೇಕು. ಹಿಡಿಯುವುದು ಕೂಡ ಕತ್ತಿನ ಬುಡದಲ್ಲಿ, ಎದೆಯ ಹತ್ತಿರ. ತಲೆ ಹಿಡಿದು ಜಗ್ಗಿದರೆ ಹಕ್ಕಿ ನಡುವಿಗೇ ಹರಿಯುತ್ತದೆ.

ಮಡಿಕೆಯ ಚಲನೆಯನ್ನು ನಮ್ಮ ಸೀಮೆಯ ರೈತರು ಬೇರೆ ಕಡೆ ದಿನವೂ ನೋಡುತ್ತಾರೆ. ಕನಕಪುರದ ಕಡೆ ನೆಂಟರ ರೇಷ್ಮೆ ಹುಳುಮನೆಯಲ್ಲಿ ರೋಟರಿ ಚಂದ್ರಿಕೆ ಕಂಡಾಗ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಜಪಾನಿನ ಕಡೆಯಿಂದ ಬಂದ ವಿದ್ಯೆ ಅದು: ರಟ್ಟಿನ ಪಟ್ಟಿಗಳನ್ನು ಒಂದರೊಳಗೊಂದು ಕೂಡಿಸಿದ ನೂರಾರು ಗೂಡಿನ ಕೋಣೆಗಳು, ಕೆಲಸ ಮುಗಿದರೆ ಚಪ್ಪಟೆಯಾಗಿ ಮಡಚಿ ಅಟ್ಟಕ್ಕೆ ಹಾಕಬಹುದು. ಹಣ್ಣಾದ ಹುಳುಗಳನ್ನು ಬಿಟ್ಟು ತೂಗುಹಾಕಿದರೆ ಅವು ತಮ್ಮ ಸ್ವಭಾವದಂತೆ ಮೇಲಕ್ಕೆ ಹತ್ತುತ್ತವೆ. ಮೇಲುಭಾಗ ಭಾರವಾಗಿ ಚೌಕಟ್ಟು ತಾನೇ ಉರುಳುತ್ತದೆ. ಕೆಳಗಾದ ಹುಳುಗಳು ಮತ್ತೆ ಹತ್ತುತ್ತವೆ, ಮತ್ತೆ ಉರುಳುತ್ತದೆ. ಹೀಗೆ ಒಂದೊಂದು ಹುಳು ಒಂದೊಂದು ಕೋಣೆಗೆ ಸೇರಿ ಗೂಡು ಕಟ್ಟುವವರೆಗೆ ಆಟ ನಡೆಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡುಗಳಲ್ಲಿ ಎಷ್ಟೋ ಇಂಥ ರಟ್ಟಿನ ಜೋಕಾಲಿಯಲ್ಲಿ ಹುಟ್ಟಿದವು.

ನನ್ನ ಹಕ್ಕಿಯ ಬಗ್ಗೆ ಒಂದು ತಕರಾರು ಮಾತ್ರ ನ್ಯಾಯವಾದದ್ದು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮ ಮಾಡಿದರು. ಅಲ್ಲಿನ ಉದ್ದ ಕೊಕ್ಕಿನ ರಣಹದ್ದು ಬಂಡೆಯ ಬಿಸಿಗೆ ಮೇಲೇಳುವ ಗಾಳಿಯನ್ನು ಹಿಡಿದರೆ ಎಷ್ಟೋ ಹೊತ್ತು ರೆಕ್ಕೆಯನ್ನೇ ಬಡಿಯುವುದಿಲ್ಲ, ಆದರೂ ಹಾರುತ್ತದೆ. ನನ್ನದು ರೆಕ್ಕೆ ಬಡಿದದ್ದೇ ಬಡಿದದ್ದು, ಒಂದು ಅಂಗುಲವೂ ಏಳುವುದಿಲ್ಲ. ಇದನ್ನು ಎತ್ತಿ ಹೇಳಿದವಳು ಎದುರು ಮನೆಯ ಪುಟ್ಟ ಹುಡುಗಿ: ‘ತಾತ, ಇದು ಸುಮ್ಮನೆ ಆಕ್ಟಿಂಗ್ ಮಾಡ್ತಿದೆ.’ ಷೋಲೆ ಚಿತ್ರೀಕರಣವಾದ ಬೆಟ್ಟದ ಬುಡದ ಊರಿನವಳು, ನಟನೆ ಗೊತ್ತಾಗದೆ ಇರುತ್ತದೆಯೇ?

ಆದರೂ ಅವಳು ಹಕ್ಕಿಯನ್ನು ವಾಪಸು ಕೊಡಲಿಲ್ಲ. ಮೊದಲು ಬಾಲ ಎಳೆದಳು, ಆಮೇಲೆ ಪೂರ್ತಿ ಬಿಚ್ಚಿದಳು, ಹಾಳೆಯನ್ನು ನೆಲಕ್ಕೆ ಹರವಿ ಗೆರೆಗಳ ಮೇಲೆ ಬೆರಳಾಡಿಸಿ ಮತ್ತೆ ಕಟ್ಟಲು ಕೂತಳು. ಮಕ್ಕಳಿಗೆ ಕಾಗದದ ಹಕ್ಕಿ ಕೊಡುವವರಿಗೆ ನನ್ನದು ಒಂದೇ ಮಾತು: ಅವರು ಅದನ್ನು ಬಿಚ್ಚಿಹಾಕಿದರೆ ಗದರಬೇಡಿ. ಮರದ ಗೊಂಬೆ ಬಿಚ್ಚಿದರೆ ಗೊಂಬೆ ಹಾಳು. ಕಾಗದದ ಹಕ್ಕಿ ಬಿಚ್ಚಿದರೆ ಅದನ್ನು ಮಾಡುವ ಪಾಠವೆಲ್ಲ ಅದೇ ಹಾಳೆಯ ಮೇಲೆ ಬರೆದಿರುತ್ತದೆ, ಓದಿಕೊಳ್ಳಲು ಬಿಡಿ. ಕರೆಂಟು ಬಿಲ್ಲನ್ನು ಮಾತ್ರ ಕಟ್ಟಿದ ಮೇಲೆ ಕೊಡಿ.