ಶರತ್ಕಾಲದ ವಿನೋದಗಳು

ಋತುಗಳಾರರಲ್ಲಿ ಕವಿಗಳು ವಸಂತಕ್ಕೆ ಅಗ್ರಪೂಜೆಯನ್ನು ಸಲ್ಲಿಸಿರುವರಾದರೂ, ನಮ್ಮ ಸೀಮೆಯ ಗೃಹಸ್ಥನ ಮನಸ್ಸಿಗೆ ಹತ್ತಿರವಾದುದು ಶರತ್ತೆಂದೇ ನನ್ನ ಎಣಿಕೆ. ಆಶ್ವಯುಜ ಕಾರ್ತಿಕಗಳಲ್ಲಿ, ಚಿತ್ತೆ ಸ್ವಾತಿಗಳ ಮಳೆಯ ನಡುನಡುವೆ, ಮುರುಗಮಲ್ಲದ ಬಯಲಿನ ಮೇಲೆ ಆಕಾಶವು ತೊಳೆದಿಟ್ಟ ಹರಿವಾಣದಂತೆ ಕಾಣುತ್ತದೆ. ರಾಗಿಯ ಹೊಲ ತೆನೆಗಟ್ಟಿರುತ್ತದೆ. ಕೊಯ್ಲು ಇನ್ನೂ ಬಂದಿರುವುದಿಲ್ಲ. ಬಿತ್ತನೆಯ ಆತಂಕ ಕಳೆದು ಕಣದ ದುಡಿಮೆ ತೊಡಗುವುದಕ್ಕೆ ಮುಂಚಿನ ಈ ಬಿಡುವಿನಲ್ಲಿ ಮನುಷ್ಯನು ಆಡದೆ ಇರಲಾರನು. ಕಾಳಿದಾಸನ ರಘುವು ದಿಗ್ವಿಜಯಕ್ಕೆ ಹೊರಟದ್ದು ಶರತ್ತಿನಲ್ಲಿ. ದಂಡೆತ್ತಿ ಹೋಗುವ ಯೋಗವಿಲ್ಲದ ನಮ್ಮಂಥವರು ಅದೇ ಕಾಲದಲ್ಲಿ ಚೌಕಾಬಾರದ ಕಾಯಿಗಳನ್ನು ನಡೆಸುತ್ತೇವೆ.

ಅರಸುಗಳ ವಿನೋದವನ್ನು ಬಣ್ಣಿಸಿದವರು ಬಹುಮಂದಿ. ವಿಜಯನಗರದ ಮಹಾನವಮಿಯನ್ನು ಅಬ್ದುರ್ ರಜಾಕನು 1443ರಲ್ಲಿಯೂ, ಪೋರ್ಚುಗೀಸರ ಪಯಸ್ಸನು 1520ರ ಸುಮಾರಿನಲ್ಲಿಯೂ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆ ಸಂಪ್ರದಾಯವನ್ನು ಕೈಗೆತ್ತಿಕೊಂಡರು. ಇಂದಿಗೂ ಮೈಸೂರಿನಲ್ಲಿ ಜಂಬೂಸವಾರಿಯೂ ಕುಸ್ತಿಯೂ ನಡೆಯುತ್ತಿವೆ. ಅದಂತಿರಲಿ. ನಾನು ಹೇಳಹೊರಟಿರುವುದು ಮನೆಯ ಹೊಸ್ತಿಲಿನ ವಿನೋದವನ್ನು ಕುರಿತು.

ನಮ್ಮ ಬಾಲ್ಯದಲ್ಲಿ ಪಾಡ್ಯದ ದಿನ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತಿತ್ತು. ತಾಯಿಯವರು ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳಾದ ರಾಜರಾಣಿಯರು ಮೇಲಿನ ಮೆಟ್ಟಿಲಲ್ಲಿ, ದೇವತೆಗಳು ನಡುವೆ, ಧಾನ್ಯದ ಗುಡ್ಡೆಗಳನ್ನು ಮುಂದಿಟ್ಟುಕೊಂಡ ಶೆಟ್ಟಿ ದಂಪತಿಗಳು ಕೆಳಗೆ. ತೆಲುಗು ಮಾತನಾಡುವ ನೆರೆಯವರು ಇದನ್ನೇ ಬೊಮ್ಮಲ ಕೊಲುವು ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಗುಂಪುಗೂಡಿ, “ಗೊಂಬೆ ಕೂರಿಸಿದ್ದೀರಾ?” ಎಂದು ಮನೆಮನೆಯ ಬಾಗಿಲಲ್ಲಿ ಕೂಗುವರು. ಆರತಿಯಾದ ಮೇಲೆ ಪ್ರತಿಯೊಬ್ಬರ ಕೈಗೂ ಉಸಲಿಯೋ ಹುರಿಗಡಲೆ ಸಕ್ಕರೆಯೋ ಬೀಳಲೇಬೇಕು. ಯಾರ ಮನೆಯ ಉಸಲಿಗೆ ಕಾಯಿತುರಿ ಹೆಚ್ಚು, ಯಾರದರಲ್ಲಿ ಉಪ್ಪು ಕಡಮೆ ಎಂಬ ವಿಮರ್ಶೆಯನ್ನು ನಾವು ಶಾಸ್ತ್ರಾರ್ಥಕ್ಕಿಂತಲೂ ಶ್ರದ್ಧೆಯಿಂದ ನಡೆಸುತ್ತಿದ್ದೆವು.

ಇದಕ್ಕೂ ಹಿಂದಿನ ಪದ್ಧತಿಯನ್ನು ನನ್ನ ತಂದೆಯವರು ಹೇಳುತ್ತಿದ್ದರು. ಕೂಲಿಮಠದ ಅಯ್ಯನವರು ಮಹಾನವಮಿಯಲ್ಲಿ ಹುಡುಗರಿಗೆ ಅಲಂಕಾರ ಮಾಡಿಸಿ, ಚೌಪದಗಳನ್ನು ಹಾಡಿಸುತ್ತ ಮನೆಮನೆಗೂ ಕರೆದೊಯ್ಯುವರಂತೆ. ಗುರುವಿಗೆ ದಕ್ಷಿಣೆ, ಶಿಷ್ಯರಿಗೆ ಕಡಲೆ ಬೆಲ್ಲ. ವೇತನವಿಲ್ಲದ ಉಪಾಧ್ಯಾಯನ ವರ್ಷದ ಜೀವನಕ್ಕೆ ಅದೊಂದು ಆಧಾರ. ಆದರೆ ಊರಿಗೆ ಅದರಿಂದಾದ ಲಾಭ ಬೇರೆ. ಯಾವ ಮನೆಯ ಹುಡುಗ ಏನು ಕಲಿತನೆಂಬುದನ್ನು ಊರೆಲ್ಲ ವರ್ಷಕ್ಕೊಮ್ಮೆ ಕಿವಿಯಾರೆ ಕೇಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಅಕ್ಟೋಬರ್ ತಿಂಗಳನ್ನು ಕಳೆದೆವು. ಅಲ್ಲಿಯೂ ಅದು ಆಟದ ಕಾಲವೇ. ಆ ದೇಶದ ಎರಡು ಬೇಸ್‌ಬಾಲ್ ಮಂಡಲಿಗಳ ವಿಜೇತರು ಹಣಾಹಣಿಯಾಗುವ ಪಂದ್ಯಮಾಲೆಯು 1903ರಲ್ಲಿ ಮೊದಲಾಯಿತಂತೆ. ಈಗ ಏಳರಲ್ಲಿ ನಾಲ್ಕನ್ನು ಗೆದ್ದವರು ಚಾಂಪಿಯನ್ನರು. ಅಳಿಯಂದಿರು ನಿದ್ದೆಗೆಟ್ಟು ನೋಡುತ್ತಿದ್ದ ಆ ಆಟದ ಮರ್ಮವು ಮೊದಲು ನನಗೆ ಹತ್ತಲಿಲ್ಲ. ಹೊಡೆದವನು ಮೂರು ನೆಲೆಗಳನ್ನು ಮುಟ್ಟಿ ಹೊರಟಲ್ಲಿಗೇ ಮರಳಿದರೆ ಒಂದು ಓಟವೆಂದೂ, ಆ ಹೊರಟ ತಾಣಕ್ಕೆ ಅವರಿಟ್ಟ ಹೆಸರು ‘ಮನೆ’ಯೆಂದೂ ತಿಳಿದಾಗ ಪರಿಚಯದ ನಗೆ ಬಂದಿತು. ನಮ್ಮ ಚೌಕಾಬಾರದ ಇಪ್ಪತ್ತೈದು ಮನೆಗಳಲ್ಲಿಯೂ ಕಾಯಿಯು ಸುತ್ತಿ ಬಳಸಿ, ಕಡಿದವರಿಂದ ಪಾರಾಗಿ, ನಡುಮನೆಯನ್ನು ಸೇರಿದರಲ್ಲವೆ ಹಣ್ಣಾಗುವುದು?

ಆ ತಿಂಗಳ 31ರಂದು ಹ್ಯಾಲೋವೀನ್. ಮೊಮ್ಮಗಳು ಒನಕೆ ಓಬವ್ವನ ವೇಷ ತೊಟ್ಟು, ರಟ್ಟಿನ ಒನಕೆಯನ್ನು ಹೆಗಲಿಗೇರಿಸಿ, ಭೂತಗಳೂ ಮಾಟಗಾತಿಯರೂ ಆಗಿದ್ದ ಗೆಳತಿಯರೊಡನೆ ಹೊರಟಳು. ಹಿಂದೆ ಕಾವಲಿಗೆ ನಾನು. ಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದೆಂದು ಅರ್ಥ. ಆರಿದ್ದರೆ ಆ ಮನೆಯವರನ್ನು ತೊಂದರೆಪಡಿಸಬಾರದು. ಮೂವತ್ತು ಮನೆಗಳಾದರೂ ಆದವು. ಯಾರೂ ಅವಳ ಕುಲಗೋತ್ರವನ್ನು ಕೇಳಲಿಲ್ಲ. ಒಬ್ಬ ವೃದ್ಧೆಯು ಮಾತ್ರ ಒನಕೆಯ ಕಥೆಯನ್ನು ಕೇಳಿ, ಪೂರ್ತಿಯಾಗಿ ಹೇಳಿಸಿಕೊಂಡು, ಎರಡು ಮಿಠಾಯಿಗಳನ್ನು ಹೆಚ್ಚಾಗಿ ಕೊಟ್ಟಳು. 1950ರಿಂದ ಈಚೆಗೆ ಕೆಲವು ಮಕ್ಕಳು ಮಿಠಾಯಿಯೊಡನೆ ಪರದೇಶಗಳ ಬಡಮಕ್ಕಳಿಗಾಗಿ ಚಿಲ್ಲರೆ ಕಾಸನ್ನೂ ಬೇಡಿ ಯುನಿಸೆಫ್ ಸಂಸ್ಥೆಗೆ ಕಳುಹಿಸುವುದುಂಟೆಂದು ಕೇಳಿ, ನನಗೆ ಕೂಲಿಮಠದ ಅಯ್ಯನವರು ನೆನಪಾದರು.

ಊರಿಗೆ ಮರಳಿದ ಮೇಲೆ, ಚಿಂತಾಮಣಿಯಲ್ಲಿ ಮಿತ್ರರೊಬ್ಬರು, “ಮೇಷ್ಟ್ರೇ, ಈ ದೆವ್ವದ ಹಬ್ಬ ನಮ್ಮ ಶಾಲೆಗಳಿಗೂ ಬಂದುಬಿಟ್ಟಿದೆಯಲ್ಲ! ತಾವು ಖಂಡಿಸಬೇಕು” ಎಂದರು. ನಾನು ವಿನಯದಿಂದಲೇ ಒಪ್ಪಲಿಲ್ಲ. ಆ ಹಬ್ಬವು ಕ್ರೈಸ್ತರ ಸಕಲ ಸಂತರ ದಿನದ ಹಿಂದಿನ ಸಂಜೆ. ಅದರ ಬೇರು ಐರ್ಲೆಂಡಿನ ಪ್ರಾಚೀನರ ಸುಗ್ಗಿಯ ಕೊನೆಯ ಆಚರಣೆಯಲ್ಲಿದೆ. ಆ ಇರುಳು ಸತ್ತವರು ಹತ್ತಿರ ಬರುವರೆಂದು ಅವರ ನಂಬಿಕೆ. ನಾವೂ ಮಹಾಲಯದಲ್ಲಿ ಪಿತೃಗಳನ್ನು ಕರೆಯುತ್ತೇವೆ. ದೀಪಾವಳಿಯಲ್ಲಿ ಅವರಿಗೆ ದಾರಿ ತೋರಲೆಂದು ಉಲ್ಕಾದಾನವನ್ನು ಶಾಸ್ತ್ರವು ವಿಧಿಸಿದೆ. ಎರಡೂ ಒಂದೇ ಎಂದು ನಾನು ಹೇಳಲಾರೆ. ಹಗಲು ಕುಗ್ಗುವ ಕಾಲದಲ್ಲಿ ಹೋದವರನ್ನು ನೆನೆದು, ಇರುವ ಮಕ್ಕಳಿಗೆ ಸಿಹಿ ಹಂಚುವುದು ಮನುಷ್ಯಮಾತ್ರರಿಗೆ ಸಹಜವೆಂದಷ್ಟೇ ಹೇಳಿದೆನು. ಅವರಿಗೆ ಸಮಾಧಾನವಾಗಲಿಲ್ಲ.

ನನ್ನ ಚಿಂತೆಯು ಬಂದ ಹಬ್ಬವನ್ನು ಕುರಿತದ್ದಲ್ಲ, ಹೋಗುತ್ತಿರುವುದನ್ನು ಕುರಿತದ್ದು. ಕಳೆದ ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆಗಳನ್ನು ನೋಡಲು ಒಂಬತ್ತು ಸಂಜೆಗಳಲ್ಲಿ ಬಂದ ಮಕ್ಕಳು ಹನ್ನೊಂದು. ಉಳಿದವರಿಗೆ ಮನೆಪಾಠ, ಮೊಬೈಲು. ಕೆಲವರಿಗೆ “ಅವರ ಮನೆಗೆ ಹೋಗಬೇಡ” ಎಂಬ ಹಿರಿಯರ ಮಾತು. ನಮ್ಮದು ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಸಕಲ ಮತದವರೂ ಹರಕೆ ಹೊತ್ತು ಬರುವ ಊರು. ದರ್ಗಾದ ಬಳಿ ಹೂ ಮಾರುವವರ ಇಬ್ಬರು ಮಕ್ಕಳು ಅಷ್ಟಮಿಯ ಸಂಜೆ ಜಗುಲಿಯ ಕೆಳಗೇ ನಿಂತು, “ಅಜ್ಜಿ, ನಾವೂ ನೋಡಬಹುದಾ?” ಎಂದು ಕೇಳಿದರು. “ಕೇಳೋದೇನು ಬಂತು, ಒಳಗೆ ಬನ್ನಿ” ಎಂದು ನನ್ನಾಕೆ ಅವರನ್ನು ಕೈಹಿಡಿದು ಕರೆತಂದಳು. ಹುಡುಗಿಯು ಶೆಟ್ಟಿಯ ಅಂಗಡಿಯನ್ನು ಬಹುಹೊತ್ತು ನೋಡಿ, ಅಲ್ಲಿ ಹೂವಿಲ್ಲವೆಂದು ತೀರ್ಮಾನಿಸಿ, ಮರುದಿನ ಒಂದು ಮೊಳ ಸೇವಂತಿಗೆಯನ್ನು ತಂದಿಟ್ಟಳು. ಅದನ್ನು ಕಂಡು ಬಂಧುಗಳೊಬ್ಬರು ಮೂಗು ಮುರಿದರು. ಹೂವು ಅಲ್ಲಿಯೇ ಇದ್ದಿತು.

ಮುದ್ರಾರಾಕ್ಷಸದ ಮೂರನೆಯ ಅಂಕದಲ್ಲಿ ಚಂದ್ರಗುಪ್ತನು ಶರತ್ಪೂರ್ಣಿಮೆಯ ಕೌಮುದೀಮಹೋತ್ಸವವನ್ನು ನಡೆಸಬೇಕೆಂದು ಆಜ್ಞೆ ಮಾಡಿದರೆ, ಚಾಣಕ್ಯನು ಅದನ್ನು ನಿಲ್ಲಿಸಿಬಿಡುತ್ತಾನೆ. ಪಾಠಶಾಲೆಯಲ್ಲಿ ಓದುವಾಗ ನಾವು ಚಾಣಕ್ಯನ ಪಕ್ಷ. ಮಲಯಕೇತುವು ಸೈನ್ಯದೊಡನೆ ಬರುತ್ತಿರುವಾಗ ಉತ್ಸವಕ್ಕೆ ಎಡೆಯೆಲ್ಲಿ? ಆದರೆ ನಮ್ಮ ಬೀದಿಯ ಮೇಲೆ ಯಾವ ಮಲಯಕೇತುವೂ ದಂಡೆತ್ತಿ ಬಂದಿಲ್ಲ, ಯಾವ ಮಂತ್ರಿಯೂ ನಿಷೇಧಿಸಿಲ್ಲ. ಆದರೂ ಉತ್ಸವವು ನಿಂತುಹೋಗುತ್ತಿದೆ.

ಆದುದರಿಂದ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆಯು ಚಿಕ್ಕದು. ಬರುವ ನವರಾತ್ರಿಯಲ್ಲಿ ಗೊಂಬೆಗಳು ಐದೇ ಇರಲಿ, ಕೂರಿಸಿರಿ. ಸಂಜೆ ಒಂದು ಗಂಟೆಯ ಕಾಲ ಬಾಗಿಲನ್ನು ತೆರೆದಿಟ್ಟು ಹೊರಗಿನ ದೀಪವನ್ನು ಉರಿಸಿರಿ. ನಿಮ್ಮ ಮಕ್ಕಳನ್ನು ನೆರೆಮನೆಗೆ ಕಳುಹಿಸಿರಿ. ನೆರೆಯವರ ಮಕ್ಕಳು ಬಂದರೆ ಯಾರ ಮಕ್ಕಳೆಂದು ವಿಚಾರಿಸುವುದಕ್ಕೆ ಮೊದಲು ಉಸಲಿಯನ್ನು ಕೊಡಿರಿ.