ಒಲೆಗೆ ಕಾಯುವ ಹಣ್ಣು

ಗಿಡದಿಂದ ಕಿತ್ತು ನೇರ ಬಾಯಿಗೆ ಹಾಕಿಕೊಳ್ಳುವ ಹಣ್ಣನ್ನು ಮೆಚ್ಚದವರು ಯಾರು? ಸೀಬೆ, ನೇರಳೆ, ಬೇಲಿಯ ಕವಳೆ, ಇವುಗಳ ರುಚಿ ಹತ್ತಿಸಿಕೊಳ್ಳಲು ಯಾರೂ ಕಲಿಸಬೇಕಿಲ್ಲ. ಆದರೆ ನನಗೆ ಇಷ್ಟು ವರ್ಷಗಳಲ್ಲಿ ಅತ್ಯಂತ ಹತ್ತಿರವಾಗಿರುವುದು ಹಾಗೆ ತಿನ್ನಲು ಬಾರದ ಒಂದು ಹಣ್ಣು. ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಾವು ನೆಲೆಸಿರುವ ಮನೆಯ ಹಿತ್ತಲಲ್ಲಿ, ನೀರು ಇಳಿದುಹೋಗುವ ತಗ್ಗಿನ ಕಡೆ, ಬೇಲಿಯುದ್ದಕ್ಕೂ ಎಲ್ಡರ್‌ಬೆರಿ ಪೊದೆಗಳಿವೆ. ಗಿಡ ನನ್ನ ಎತ್ತರ ಮೀರಿ ಬೆಳೆಯುತ್ತದೆ, ಗೊಂಚಲು ಗೊಂಚಲಾಗಿ ಹಣ್ಣು ಬಿಡುತ್ತದೆ. ಆ ಹಣ್ಣು ಮಾತ್ರ ಒಲೆ ಕಂಡ ಮೇಲೆಯೇ ನಮ್ಮದಾಗುವುದು.

ಇದು ಈ ನೆಲದ್ದೇ ಗಿಡ. ಜೂನ್ ತಿಂಗಳಲ್ಲಿ ಇಲ್ಲಿನ ಹಳ್ಳಿಯ ರಸ್ತೆಗಳಲ್ಲಿ ಹೋದರೆ ಚರಂಡಿಯ ಅಂಚಿನಲ್ಲಿ, ತೊರೆಯ ದಂಡೆಯಲ್ಲಿ, ಹಳೆಯ ರೈಲುಹಳಿಯ ಪಕ್ಕದಲ್ಲಿ ಇದರ ಅಗಲವಾದ ಕೆನೆಬಿಳಿ ಹೂಗೊಂಚಲುಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಯಾರೂ ನೆಟ್ಟದ್ದಲ್ಲ, ಹಕ್ಕಿಗಳು ಹಂಚಿದ್ದು. ತೋಟಕ್ಕೆ ಬಂದ ತಳಿಗಳೂ ಬಹುಪಾಲು ಹೀಗೆ ಕಾಡಿನಿಂದ ಆರಿಸಿದವೇ. ನ್ಯೂಯಾರ್ಕಿನ ಕಡೆಯಿಂದ 1926ರಲ್ಲಿ ಬಂದ ಆಡಮ್ಸ್, 1964ರಲ್ಲಿ ಬಂದ ಯಾರ್ಕ್ ಬಹುಕಾಲ ತೋಟಗಳನ್ನು ಆಳಿದವು. ನಮ್ಮ ಹಿತ್ತಲಿನಲ್ಲಿರುವುದು ಈಚಿನ ಎರಡು ತಳಿಗಳು. ಮಿಸೌರಿಯ ಆಸಿಯೋಲಾ ಊರಿನ ಬಳಿ ಕಾಡುಗಿಡವಾಗಿ ಸಿಕ್ಕ ಬಾಬ್ ಗಾರ್ಡನ್ ಒಂದು, ಒಕ್ಲಹೋಮದಲ್ಲಿ ಸಿಕ್ಕ ವೈಲ್ಡ್‌ವುಡ್ ಇನ್ನೊಂದು. ಬಾಬ್ ಗಾರ್ಡನ್ ಮೇಲೆ ನನಗೆ ಒಂದು ಗುಲಗಂಜಿಯಷ್ಟು ಹೆಚ್ಚು ಪ್ರೀತಿ. ಹಣ್ಣು ಕಪ್ಪಾಗುತ್ತ ಬಂದಂತೆ ಅದರ ಗೊಂಚಲು ತಲೆಕೆಳಗಾಗಿ ಬಾಗುತ್ತದೆ. ಹಕ್ಕಿಗೆ ಕೂತು ತಿನ್ನಲು ಜಾಗ ಸಿಗುವುದಿಲ್ಲ, ನಮ್ಮ ಪಾಲು ನಮಗೆ ಉಳಿಯುತ್ತದೆ.

ಸಾಗರದ ಕಡೆಯ ಅಡಿಕೆ ತೋಟದಲ್ಲೇ ಜೀವನ ಕಳೆದ ನಮ್ಮ ಮಾವನವರು ಒಂದು ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದರು. ಹೆಸರು ಕೂಡ ಕೇಳಿರದ ಗಿಡ. ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿ ನೋಡಿದರು. "ಬೇರೆಲ್ಲ ಮೇಲೇ ಹರಿದಿದೆ. ಇದಕ್ಕೆ ಗುದ್ದಲಿ ತಾಗಿಸಬೇಡಿ, ಸೊಪ್ಪು ಹಾಕಿ" ಎಂದರು. ಇಲ್ಲಿನ ಕೃಷಿ ಕೈಪಿಡಿಗಳು ಹೇಳುವುದೂ ಅದನ್ನೇ. ಎಲ್ಡರ್‌ಬೆರಿಯ ಬೇರು ಆಳಕ್ಕಿಳಿಯುವುದಿಲ್ಲ, ಮೊದಲ ಎರಡು ವರ್ಷ ಕಳೆಯ ಜೊತೆ ಗುದ್ದಾಡುವ ಶಕ್ತಿ ಅದಕ್ಕಿಲ್ಲ, ಬುಡ ಒಣಗಿದರೆ ಸೊರಗುತ್ತದೆ. ಸೊಪ್ಪಿನಬೆಟ್ಟ ಇಲ್ಲದ ಊರಿನಲ್ಲಿ ಮಾವನವರು ಬೀದಿಯ ಓಕ್ ಮರಗಳ ತರಗೆಲೆಯನ್ನು ಚೀಲಗಟ್ಟಲೆ ತುಂಬಿಸಿ ತಂದು ಮೊಣಕಾಲೆತ್ತರ ಹೊದಿಸಿದರು. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿ. ಈಗ ಆ ಹೊದಿಕೆಯ ಕೆಳಗೆ ಕೈ ಹಾಕಿದರೆ ಮಣ್ಣು ಕಪ್ಪಾಗಿ, ತಣ್ಣಗೆ, ಎರೆಹುಳುಗಳಿಂದ ತುಂಬಿರುತ್ತದೆ.

ಜೂನ್ ಬಂತೆಂದರೆ ಮನೆಯಲ್ಲಿ ಒಂದು ಚರ್ಚೆ ಶುರು. ಹೂವೋ, ಹಣ್ಣೋ? ಕೊಯ್ದ ಒಂದೊಂದು ಹೂಗೊಂಚಲೂ ಆಗಸ್ಟಿನಲ್ಲಿ ಇಲ್ಲವಾಗುವ ಒಂದೊಂದು ಹಣ್ಣಿನ ಗೊಂಚಲು. ನನ್ನ ಹೆಂಡತಿ ಹೂವಿನ ಪಕ್ಷ, ನಾನು ಹಣ್ಣಿನ ಪಕ್ಷ. ಒಪ್ಪಂದವಾಗುವುದು ಕೈಗೆಟಕುವ ಕೆಳಗಿನ ಗೊಂಚಲುಗಳು ಅವಳಿಗೆ, ಮೇಲಿನವು ಹಣ್ಣಿಗೆ ಎಂದು. ಮಳೆ ಬಾರದ ದಿನ ನೋಡಿ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಹೂ ಕೊಯ್ಯಬೇಕು. ಕೊಡವಿ ಹುಳುಗಳನ್ನು ಬೀಳಿಸಬೇಕೇ ಹೊರತು ತೊಳೆಯಬಾರದು, ಪರಿಮಳವಿರುವುದು ಪರಾಗದಲ್ಲಿ. ದಪ್ಪ ಕಡ್ಡಿಗಳನ್ನು ಕತ್ತರಿಸಿ ತೆಗೆದು, ಹೂವನ್ನು ಸಕ್ಕರೆ ಪಾಕದಲ್ಲಿ ನಿಂಬೆಹಣ್ಣಿನ ಹೋಳುಗಳ ಜೊತೆ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಪಂಚೆಯ ತುಂಡಿನಲ್ಲಿ ಸೋಸಿದರೆ ಆಯಿತು. ತಣ್ಣೀರಿಗೆ ಅದನ್ನು ಬೆರೆಸಿ ಕುಡಿದಾಗ ಸಿಗುವ ಘಮವನ್ನು ಯಾವ ಹೂವಿನ ಹೆಸರಿನಿಂದ ಹೇಳಲೂ ನನಗೆ ಆಗಿಲ್ಲ. ಜರ್ಮನಿಯಲ್ಲಿ ಈ ಗೊಂಚಲನ್ನು ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ಮೇಲೆ ಸಕ್ಕರೆ ಉದುರಿಸುತ್ತಾರೆ. ಕುಂಬಳದ ಹೂವಿನ ಬಜ್ಜಿ ತಿಂದು ಬೆಳೆದವರಿಗೆ ಅದನ್ನು ಹೊಸದಾಗಿ ಕಲಿಸಬೇಕೆ! ನಮ್ಮ ಮನೆಯಲ್ಲಿ ಅಕ್ಕಿಹಿಟ್ಟು ಬೆರೆತ ಕಡಲೆಹಿಟ್ಟು, ಚಿಟಿಕೆ ಇಂಗು. ತೊಟ್ಟನ್ನು ಮಾತ್ರ ತಿನ್ನದೆ ಬಿಡಬೇಕು.

ಜೂನಿನಲ್ಲೇ ಇನ್ನೊಬ್ಬ ಅತಿಥಿ ಬರುತ್ತಾನೆ. ಗಾಢ ನೀಲಿ ರೆಕ್ಕೆ, ಭುಜದ ಮೇಲೆ ಹೊದ್ದಂತೆ ಹೊನ್ನಿನ ಬಣ್ಣದ ಪಟ್ಟಿ, ಉದ್ದ ಮೀಸೆಯ ದುಂಬಿ. ಎಲ್ಡರ್ ಗಿಡ ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ. ಮರಿಹುಳು ಕಾಂಡ ಕೊರೆದು ಬೇರಿನತ್ತ ಇಳಿಯುತ್ತದೆ, ಒಂದೆರಡು ಕೊಂಬೆ ಬಾಡುತ್ತವೆ. ಬಾಡಲಿ. ಅಷ್ಟು ಚೆಂದದ ಜೀವಕ್ಕೆ ಎರಡು ಕೊಂಬೆ ಕೊಡಲಾರದಷ್ಟು ಬಡವಾಗಿಲ್ಲ ನಮ್ಮ ಹಿತ್ತಲು.

ಆಗಸ್ಟಿನ ಸೆಖೆಯಲ್ಲಿ ಹಣ್ಣು ಮಾಗುತ್ತದೆ. ಮೆಣಸಿನಕಾಳಿಗಿಂತ ತುಸು ದಪ್ಪ, ನೇರಳೆ ಮಿಶ್ರಿತ ಕಪ್ಪು, ತೊಟ್ಟು ಕೂಡ ಕೆಂಪೇರಿರುತ್ತದೆ. ಇದರ ಎಲೆ, ಕಾಂಡ, ಬೇರು, ಹಸಿರುಕಾಯಿಗಳಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಹಸಿ ಹಣ್ಣನ್ನು ಎಲೆ ಕಡ್ಡಿಗಳ ಸಮೇತ ಹಿಂಡಿದ ರಸ ಕುಡಿದು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಟು ಮಂದಿ ಆಸ್ಪತ್ರೆ ಸೇರಿದ್ದರು. ಇದನ್ನು ಮಾವನವರಿಗೆ ಹೇಳಿದಾಗ ಅವರು ಹೆದರಲಿಲ್ಲ. "ಕಳಲೆ ಇದ್ದ ಹಾಗೆ ಅನ್ನಿ" ಎಂದರು. ಎಷ್ಟು ಸರಿಯಾದ ಮಾತು! ಎಳೆ ಬಿದಿರಿನಲ್ಲಿರುವುದೂ ಅದೇ ಬಗೆಯ ವಿಷ. ಹೆಚ್ಚಿದ ಕಳಲೆಯನ್ನು ದಿನದಿನ ನೀರು ಬದಲಿಸಿ ನೆನೆಸಿ, ಆಮೇಲೆ ಬೇಯಿಸುವ ಮಲೆನಾಡಿನ ಹೆಂಗಸರು ಯಾವ ರಸಾಯನಶಾಸ್ತ್ರವನ್ನೂ ಓದದೆ ಅದನ್ನು ಪಳಗಿಸಿದ್ದಾರೆ. ಎಲ್ಡರ್‌ಬೆರಿಗೆ ನೆನೆಸುವ ಕೆಲಸವಿಲ್ಲ. ಕಾಯಿ, ಕಡ್ಡಿ ಆರಿಸಿ ತೆಗೆದು ಚೆನ್ನಾಗಿ ಕುದಿಸಬೇಕು, ಅಷ್ಟೇ. ಈ ನಿಯಮ ಇರುವುದರಿಂದಲೇ ನನಗೆ ಈ ಹಣ್ಣು ಇಷ್ಟ. ನಡೆಯುತ್ತ ಒಂದು ಕಿತ್ತು ಬಾಯಿಗೆಸೆದು ಮರೆತುಬಿಡುವಂತಿಲ್ಲ. ಕೊಯ್ಯಬೇಕು, ಬಿಡಿಸಬೇಕು, ಬೇಯಿಸಬೇಕು, ಅದಕ್ಕಾಗಿ ನಾಲ್ಕು ಜನ ಒಂದು ಕಡೆ ಕೂರಬೇಕು.

ಬಿಡಿಸುವುದೇ ದೊಡ್ಡ ಕೆಲಸ. ಗೊಂಚಲುಗಳನ್ನು ಇಡಿಯಾಗಿ ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಮರುದಿನ ದೊಡ್ಡ ಬೋಗುಣಿಯ ಮೇಲೆ ಹಿಡಿದು ಬೆರಳಾಡಿಸಿದಾಗ ಹಣ್ಣು ಟಪಟಪನೆ ಉದುರುತ್ತದೆ. ಮಕ್ಕಳು ಊಟದ ಮೇಜಿನ ಸುತ್ತ ಕೂತು ಉದುರಿಸುತ್ತಾರೆ, ಕರೆಯದೆಯೂ ಪಕ್ಕದ ಮನೆಯವರು ಬಂದು ಸೇರುತ್ತಾರೆ. ಉದುರಿದ್ದನ್ನು ನೀರಿಗೆ ಹಾಕಿದರೆ ಬಲಿತದ್ದು ಮುಳುಗಿ, ಕಾಯಿ ಮತ್ತು ಕಸ ತೇಲುತ್ತವೆ. ಪಾತ್ರೆಗೆ ಅಂಟುವ ಹಸಿರು ಮೇಣ ಸಾಬೂನಿಗೆ ಜಗ್ಗುವುದಿಲ್ಲ, ಮೊದಲು ಎಣ್ಣೆ ಹಚ್ಚಿ ಉಜ್ಜಬೇಕು. ಹಲಸು ಬಿಡಿಸಿದ ಮನೆಗಳಿಗೆ ಇದೂ ಹೊಸ ವಿದ್ಯೆಯಲ್ಲ.

ಕುದಿಸಿ, ಹಿಂಡಿ, ಸೋಸಿದ ರಸಕ್ಕೆ ಶುಂಠಿ, ಲವಂಗ, ಚಕ್ಕೆ ಹಾಕಿ ಬತ್ತಿಸುತ್ತೇವೆ. ಸಿಹಿಗೆ ಜೇನು, ಕೆಲವೊಮ್ಮೆ ಊರಿನಿಂದ ಬಂದ ಜೋನಿ ಬೆಲ್ಲ. ಆ ಬಣ್ಣವನ್ನು ಬಿಳಿ ಬಟ್ಟಲಲ್ಲಿ ನೋಡಬೇಕು! ಇಲ್ಲಿ ಬಹಳ ಜನ ಚಳಿಗಾಲದ ನೆಗಡಿಗೆ ಇದನ್ನು ಮದ್ದೆಂದು ಕುಡಿಯುತ್ತಾರೆ. ನಾವು ಕುಡಿಯುವುದು ರುಚಿಗೆ, ಹಿಮ ಬೀಳುವ ರಾತ್ರಿಗಳಲ್ಲಿ ಬಿಸಿನೀರಿಗೆ ಎರಡು ಚಮಚ ಬೆರೆಸಿ.

ಫೆಬ್ರವರಿಯ ಕೊನೆಗೆ ಕತ್ತರಿ ಹಿಡಿದು ಹೊರಡುವ ದಿನ ನನಗೆ ಹಬ್ಬ. ಬಾಬ್ ಗಾರ್ಡನ್ ಆಯಾ ವಸಂತದಲ್ಲಿ ಹುಟ್ಟಿದ ಹೊಸ ಕಾಂಡದಲ್ಲೇ ಹೂಬಿಡುವುದರಿಂದ ಇಡೀ ಪೊದೆಯನ್ನು ನೆಲಮಟ್ಟಕ್ಕೆ ಕತ್ತರಿಸಬಹುದು. ಹಾಗೆ ಮಾಡಿದರೆ ಗೊಂಚಲು ದೊಡ್ಡದಾಗುತ್ತದೆ, ಎಲ್ಲವೂ ಒಟ್ಟಿಗೆ ಮಾಗುತ್ತವೆ. ಯುರೋಪಿನ ಎಲ್ಡರ್‌ಗೆ ಇದನ್ನು ಮಾಡಬಾರದು, ಅದು ಹಳೆಯ ಕಾಂಡದಲ್ಲಿ ಹೂಬಿಡುವ ಜಾತಿ. ಕತ್ತರಿಸಿದ ಕಾಂಡದ ಒಳಗೆ ಬೆಳ್ಳನೆಯ ಬೆಂಡು. ಶಾಲೆಯ ವಿಜ್ಞಾನ ಪಾಠದಲ್ಲಿ ರೇಷ್ಮೆ ದಾರಕ್ಕೆ ತೂಗುಹಾಕಿದ ಬೆಂಡಿನ ಗುಂಡು, ಉಜ್ಜಿದ ಗಾಜಿನ ಕಡ್ಡಿಯ ಕಡೆ ಓಲುತ್ತಿತ್ತಲ್ಲ, ಯುರೋಪಿನ ಪ್ರಯೋಗಶಾಲೆಗಳಲ್ಲಿ ಆ ಗುಂಡನ್ನು ಎಲ್ಡರ್ ಬೆಂಡಿನಿಂದ ಮಾಡುತ್ತಿದ್ದರು. ಸೂಕ್ಷ್ಮದರ್ಶಕಕ್ಕೆ ಎಲೆಯ ತೆಳುಪದರ ಕೊಯ್ಯುವಾಗ ಎಲೆಯನ್ನು ಸಿಕ್ಕಿಸಿ ಹಿಡಿಯುತ್ತಿದ್ದುದೂ ಇದರ ನಡುವೆಯೇ. ನಮ್ಮ ಮಕ್ಕಳು ಗುಂಡು ಮಾಡಿ ಆಡುತ್ತಾರೆ. ಬಾಯಿಗಿಟ್ಟು ಊದುವ ಪೀಪಿ ಮಾಡಲು ಮಾತ್ರ ನಾನು ಬಿಡುವುದಿಲ್ಲ, ಹಸಿ ಕಡ್ಡಿಯಲ್ಲಿ ವಿಷವಿದೆ.

ಕತ್ತರಿಸಿದ್ದರಲ್ಲಿ ಪೆನ್ಸಿಲ್ ದಪ್ಪದ ಒಳ್ಳೆಯ ಕಡ್ಡಿಗಳನ್ನು ಆರಿಸಿಡುತ್ತೇನೆ. ಕಣ್ಣುಗಳು ಎದುರುಬದುರು ಜೋಡಿಯಾಗಿರುತ್ತವೆ, ಎರಡು ಮೂರು ಜೋಡಿ ಇದ್ದರೆ ಸಾಕು. ಬುಡದ ತುದಿಯನ್ನು ಓರೆಯಾಗಿ, ಮೇಲಿನ ತುದಿಯನ್ನು ನೇರವಾಗಿ ಕತ್ತರಿಸಿದರೆ ನೆಡುವವರು ತಲೆಕೆಳಗು ಮಾಡುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ, ಬಾಬ್ ಗಾರ್ಡನ್‌ಗೆ ಕೆಂಪು ದಾರ, ವೈಲ್ಡ್‌ವುಡ್‌ಗೆ ಹಸಿರು ದಾರ ಕಟ್ಟಿ, ಯುಗಾದಿಗೆ ಕನ್ನಡದ ಸ್ನೇಹಿತರು ಸೇರುವಲ್ಲಿಗೆ ಕಟ್ಟುಗಳನ್ನು ಒಯ್ಯುತ್ತೇನೆ. ಕೇಳಿದವರಿಗೆಲ್ಲ ಎರಡೂ ಬಣ್ಣದ್ದು ಕೊಡುತ್ತೇನೆ, ಒಂದೇ ಕೊಡುವುದಿಲ್ಲ. ಎರಡು ತಳಿ ಹತ್ತಿರವಿದ್ದರೆ ಕಾಯಿ ಕಚ್ಚುವುದು ಹೆಚ್ಚು.